ಗೇರೆಣ್ಣೆ ಬಳಿದ ಕುರ್ಚಿಗಳು

ಚೇಳೂರಿನಿಂದ ಎರಡು ಮೈಲಿ ಒಳಗಿರುವ ನಮ್ಮ ತೋಟದ ಮನೆಯ ನಡುಮನೆಯನ್ನು ನನ್ನ ಮಗಳು ನಯನ ಈಗ ಹೊಸದಾಗಿ ಮಾಡಿಸುತ್ತಿದ್ದಾಳೆ. ಗೋಡೆಗೆ ಬಿಳಿ ಸುಣ್ಣ, ನೆಲಕ್ಕೆ ಹಳೆಯ ಕೆಂಪು ಗಾರೆಯೇ ಇರಲಿ, ತೊಲೆ ಕಂಬ ಮುಟ್ಟುವುದು ಬೇಡ, ಆದರೆ ಸಾಮಾನು ಮಾತ್ರ ಪೂರ್ತಿ ಕಪ್ಪು ಎಂದು ಅವಳ ತೀರ್ಮಾನ. ಹಿರೇಹಳ್ಳಿಯ ವರ್ಕ್‌ಶಾಪಿನಲ್ಲಿ ಹೇಳಿ ಮಾಡಿಸಿದ ಕಬ್ಬಿಣದ ಟೀಪಾಯಿ ಬಂತು, ಅದು ಕಪ್ಪು. ತುಮಕೂರಿನಿಂದ ಟೆಂಪೋದಲ್ಲಿ ಸೋಫಾ ಬಂತು, ಅದೂ ಕಪ್ಪು. ಮೊಬೈಲಿನಲ್ಲಿ ಯಾವುದೋ ದೇಶದ ತೋಟದ ಮನೆಗಳ ಫೋಟೋ ತೋರಿಸಿ, "ನೋಡಮ್ಮ, ಬಿಳಿ ಗೋಡೆ ಮುಂದೆ ಕಪ್ಪು ಹೆಂಗೆ ಎದ್ದು ಕಾಣುತ್ತೆ" ಎಂದಳು. ನಾನು ಹೂಂ ಅಂದೆ. ಮೂವತ್ತು ವರ್ಷ ತುಮಕೂರಿನ ಶಾಲೆಗಳಲ್ಲಿ ಪಾಠ ಹೇಳಿ ನಿವೃತ್ತಳಾದವಳು ನಾನು. ಪಾಠ ಬಿಟ್ಟರೆ ಈ ಟೀಚರ್ ಬಾಯಲ್ಲಿ ಹೂಂ ಒಂದೇ ಬರೋದು ಎಂದು ಸ್ಟಾಫ್‌ರೂಮಿನಲ್ಲಿ ತಮಾಷೆ ಮಾಡುತ್ತಿದ್ದರು. ಗಂಭೀರ ಹೆಂಗಸು ಎಂದು ಕೆಲವರು, ಜಂಬ ಎಂದು ಕೆಲವರು. ನನಗಿದ್ದದ್ದು ಹೆದರಿಕೆ, ಅಷ್ಟೇ.

ಕಳೆದ ವಾರ ಅಟ್ಟ ಖಾಲಿ ಮಾಡಿಸುವಾಗ ಕೆಲಸದವರು ಅಲ್ಲಿಂದ ನಾಲ್ಕು ಕುರ್ಚಿ ಇಳಿಸಿದರು. ತೆಂಗಿನ ನಾರು, ಜೇಡರ ಬಲೆ, ಬೆರಳು ಹೂತುಹೋಗುವಷ್ಟು ಧೂಳು. ನಯನ ಒದ್ದೆ ಬಟ್ಟೆ ತಗೊಂಡು ಒಂದರ ಕೈ ಒರೆಸಿದಳು. ಒಳಗಿನಿಂದ ಮಿರಮಿರ ಮಿಂಚುವ ಕಪ್ಪು ಬಂತು. ಅವಳಿಗೆ ಹೇಳತೀರದ ಖುಷಿ.

"ಅಮ್ಮ! ಇಷ್ಟು ದಿನ ಇವನ್ನ ಅಟ್ಟದ ಮೇಲೆ ಇಟ್ಕೊಂಡು ನಾನು ಊರೆಲ್ಲ ಅಲೀತಿದೀನಲ್ಲಮ್ಮ. ಇವು ಬೀಟೆ ಮರದ್ದಾ?"

ನಾನು ಕಿಟಕಿಯ ಸರಳು ಹಿಡಿದುಕೊಂಡೆ. ಅದೇ ನಡುಮನೆ, ಅದೇ ಕುರ್ಚಿ, ಅದೇ ಪ್ರಶ್ನೆ. ಎಂಟು ವರ್ಷದವಳಿದ್ದಾಗ ಈ ಪ್ರಶ್ನೆಗೆ ಉತ್ತರ ಹೇಳಿಯೇ ನಾನು ಮನೆ ಒಡೆದದ್ದು.

"ಅಲ್ಲ, ಹಲಸು" ಎಂದಷ್ಟೇ ಹೇಳಿದೆ. ಉಳಿದದ್ದನ್ನು ಅವಳಿಗೆ ಬಾಯಲ್ಲಿ ಹೇಳಲಾರೆ, ಬರೆಯುತ್ತಿದ್ದೇನೆ.

ಆಗ ಈ ನಡುಮನೆಯಲ್ಲಿ ಕುರ್ಚಿ ಎಂಬುದೇ ಇರಲಿಲ್ಲ. ತಲೆಯ ಮೇಲೆ ಅಟ್ಟ, ಅಟ್ಟದ ತುಂಬ ಕೊಬ್ಬರಿಗೆಂದು ಒಣಗಲು ಬಿಟ್ಟ ತೆಂಗಿನಕಾಯಿ. ವರ್ಷವಾಗುತ್ತಾ ಬಂದಂತೆ ಒಳಗಿನ ಕೊಬ್ಬರಿ ಗಿಟುಕು ಚಿಪ್ಪು ಬಿಟ್ಟು, ಇಲಿ ಓಡಾಡಿದರೂ ಲೊಟಲೊಟ ಸದ್ದಾಗುತ್ತಿತ್ತು. ಕೆಳಗೆ ಚಾಪೆ ಹಾಸಿ ನಾವು ನಾಲ್ಕು ಜನ ಉಣ್ಣುತ್ತಿದ್ದೆವು: ಅಪ್ಪ, ಅವ್ವ, ಗಿರಿಜಕ್ಕ, ನಾನು. ಅಕ್ಕನಿಗೂ ನನಗೂ ಹತ್ತು ವರ್ಷದ ಅಂತರ. ಮುದ್ದೆ ನುಂಗಲು ಬಾರದ ನನಗೆ ಅವಳೇ ಪುಟ್ಟ ಪುಟ್ಟ ತುತ್ತು ಮಾಡಿ ಅವರೆಕಾಳಿನ ಸಾರಿನಲ್ಲಿ ಅದ್ದಿ ಬಾಯಿಗೆ ಇಡುತ್ತಿದ್ದಳು. ನಾವಿಬ್ಬರೂ ಅಪ್ಪನ ಬಣ್ಣ, ಕಪ್ಪು. ನಾನು ಚಿಕ್ಕವಳು, ನನ್ನ ಬಣ್ಣ ಯಾರಿಗೂ ಬೇಕಿರಲಿಲ್ಲ. ಅಕ್ಕನ ಬಣ್ಣ ಮಾತ್ರ ಮನೆಯ ದೊಡ್ಡ ಕೆಲಸವಾಗಿತ್ತು. ಅವ್ವ ಕೆಂಪಗಿದ್ದಳು. ಪ್ರತಿ ಶುಕ್ರವಾರ ಬಚ್ಚಲಲ್ಲಿ ಅಕ್ಕನನ್ನು ಕೂರಿಸಿಕೊಂಡು, ಕಡಲೆಹಿಟ್ಟಿಗೆ ಹಾಲಿನ ಕೆನೆ ಕಲಸಿ, ಹಬ್ಬಕ್ಕೆ ಹಿತ್ತಾಳೆ ಚೊಂಬು ತಿಕ್ಕಿದ ಹಾಗೆ ತಿಕ್ಕುತ್ತಿದ್ದಳು. ಅಕ್ಕ ಕಣ್ಣು ಮುಚ್ಚಿಕೊಂಡು, "ಅವ್ವಾ, ಚರ್ಮ ಬಂದ್ಬುಡ್ತದೆ ಕಣವ್ವ" ಎಂದು ನಗುತ್ತಿದ್ದಳು. ಆಗಿನ್ನೂ ನಗುತ್ತಿದ್ದಳು.

ಕುಣಿಗಲ್ ಕಡೆಯಿಂದ ಒಂದು ಸಂಬಂಧ ಬಂತು. ಹುಡುಗ ಹೈಸ್ಕೂಲು ಮೇಷ್ಟ್ರು. ಫೋಟೋ ಬಂದ ದಿನ ಅವ್ವ ಅದನ್ನು ದೇವರ ಗೂಡಿನಲ್ಲಿಟ್ಟಳು. ಮಾರನೆಯ ದಿನ ನೋಡಿದರೆ ಅದು ಅಕ್ಕನ ಹಳೆಯ ಭೂಗೋಳದ ಪುಸ್ತಕದಲ್ಲಿತ್ತು. "ಕಿವಿ ನೋಡೇ ಪುಟ್ಟಿ, ಮೊರದಂಗವೆ" ಎಂದು ನನಗೆ ತೋರಿಸಿ ಕಿಸಕ್ಕನೆ ನಕ್ಕಳು. ಆಮೇಲೆ ಆ ಪುಸ್ತಕವನ್ನು ದಿನಕ್ಕೆ ಎಷ್ಟು ಸಲ ತೆರೆಯುತ್ತಿದ್ದಳೋ ಏನೋ. ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲಿ ಕೂತವಳಿಗೆ ಭೂಗೋಳ ಯಾಕೆ ಎಂದು ಅವ್ವನೂ ಕೇಳಲಿಲ್ಲ, ಗೊತ್ತಿತ್ತು ಅವಳಿಗೆ.

ಅವ್ವನ ತಲೆಗೆ ಬೇರೆ ಚಿಂತೆ ಹತ್ತಿತ್ತು. ತುಮಕೂರಿನಲ್ಲಿ ಜಮೀನಿನ ಕಾಗದಕ್ಕೆಂದು ಅಪ್ಪನ ಜೊತೆ ಒಬ್ಬ ವಕೀಲರ ಮನೆಗೆ ಹೋದಾಗ ಅವಳು ಬೀಟೆ ಮರದ ಕುರ್ಚಿಗಳನ್ನು ಕಂಡಿದ್ದಳು. ಬಿಳಿ ಗೋಡೆ, ಕಪ್ಪು ಕುರ್ಚಿ. ಕೂತುಕೊಳ್ಳಲು ಹೆದರಿ ನಿಂತೇ ಬಂದಿದ್ದಳಂತೆ. ಮೇಷ್ಟ್ರ ಮನೆಯವರನ್ನು ಚಾಪೆಯ ಮೇಲೆ ಕೂರಿಸುವುದಿಲ್ಲ, ನಮಗೂ ಅಂಥದೇ ನಾಲ್ಕು ಬೇಕು ಎಂದು ಪಟ್ಟು ಹಿಡಿದಳು. ಬೀಟೆ ಎಲ್ಲಿಂದ ತರುವುದು? ತೋಟದಲ್ಲಿ ಬಿದ್ದ ಹಲಸಿನ ಮರವಿತ್ತು. ಆಚಾರಿ ಬಂದು ಹಿತ್ತಲಲ್ಲಿ ಹತ್ತು ದಿನ ಕೂತು ನಾಲ್ಕು ಕುರ್ಚಿ ಮಾಡಿದ. ಹಲಸು ಹೊಂಬಣ್ಣ, ಅರಿಶಿನ ಹಚ್ಚಿದ ಹಾಗೆ. ಅವ್ವನಿಗೆ ಅದು ಹಿಡಿಸಲಿಲ್ಲ.

"ತಾಯಿ, ಗೇರೆಣ್ಣೆ ಹೊಡುದ್ಬುಡಿ. ಗೆದ್ದಲೂ ಹತ್ತಾಕಿಲ್ಲ, ಬೀಟೆ ಅಂತ ಯಾರಾದ್ರೂ ಮೋಸ ಹೋಯ್ತಾರೆ" ಎಂದ ಆಚಾರಿ.

ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಆ ಎಣ್ಣೆಯನ್ನು ನಮ್ಮ ಕಡೆ ತೊಲೆಗಳಿಗೆ ಬಳಿಯುತ್ತಿದ್ದರು. ಕಪ್ಪು ಅಂದರೆ ಅಂಥ ಕಪ್ಪು. ಮೈಗೆ ತಾಕಿದರೆ ಬೊಬ್ಬೆ ಏಳುತ್ತದೆ. ಅಪ್ಪ ಕೇಳಿದವನೇ ರೇಗಿದ.

"ಹೆಣ್ಣು ತೋರ್ಸೋ ಮನೇಲಿ ಯಾರಾದ್ರೂ ಕಪ್ಪು ಬಳೀತಾರೇನೇ? ಬುದ್ಧಿ ನೆಟ್ಟಗೈತಾ ನಿಂಗೆ?"

"ವಕೀಲರ ಮನೇಲಿ ಇಲ್ವಾ? ಅವ್ರ ಮನೆ ಹೆಣ್ಮಕ್ಳಿಗೆ ಮದ್ವೆ ಆಗ್ಲಿಲ್ವಾ?"

"ಅವ್ರು ದುಡ್ಡಿರೋರು ಕಣೆ. ಅವ್ರಿಗೆ ಕಪ್ಪೂ ಶುಭವೇ."

ಎರಡು ದಿನ ಮಾತುಕತೆ ನಿಂತುಹೋಯಿತು. ಅಪ್ಪ ತೋಟದಲ್ಲೇ ಉಂಡ. ಕೊನೆಗೆ ಜಗಳ ಮುರಿದದ್ದು ಅಕ್ಕ. ಯಾರನ್ನೂ ಕೇಳದೆ ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು, ಕೋಲಿಗೆ ಹಳೆ ಬಟ್ಟೆ ಸುತ್ತಿ, ಗೇರೆಣ್ಣೆಯ ಡಬ್ಬ ಹಿಡಿದು ಹಿತ್ತಲಲ್ಲಿ ಕೂತೇಬಿಟ್ಟಳು. ನಾನು ದೂರದಲ್ಲಿ ಒರಳುಕಲ್ಲಿನ ಮೇಲೆ ಕೂತು ನೋಡುತ್ತಿದ್ದೆ, ಹತ್ತಿರ ಬಂದರೆ ಕಾಲು ಮುರೀತೀನಿ ಎಂದಿದ್ದಳು. ಹೊಂಬಣ್ಣದ ಮರ ಅವಳ ಕೈಕೆಳಗೆ ಕಪ್ಪಾಗುತ್ತಾ ಹೋಯಿತು. ಮೂರನೆಯ ಕುರ್ಚಿ ಮುಗಿಸಿ ಅದರ ಪಕ್ಕ ನಿಂತು, ಸೆರಗು ಸರಿಮಾಡಿಕೊಂಡು, ನನ್ನ ಕಡೆ ತಿರುಗಿದಳು.

"ಪುಟ್ಟಿ, ಇದ್ರ ಮಗ್ಗುಲಲ್ಲಿ ನಿಂತ್ರೆ ನಾನು ಒಂಚೂರು ಬೆಳ್ಳಗೆ ಕಾಣ್ತೀನೇನೇ?"

ನಾನು ಕಣ್ಣು ಕಿರಿದು ಮಾಡಿ ನೋಡಿದೆ. ಬಿಸಿಲಿತ್ತು, ಏನೂ ಗೊತ್ತಾಗಲಿಲ್ಲ. "ಒಣಗ್ಲಿ ಅಕ್ಕ, ಆಮೇಲೆ ಹೇಳ್ತೀನಿ" ಎಂದೆ. ಅವಳು ನಾಚಿಕೊಂಡು ಮತ್ತೆ ಕೂತು ಬಳಿಯತೊಡಗಿದಳು. ಸ್ವಲ್ಪ ಹೊತ್ತಿಗೆ ತಲೆ ಎತ್ತದೆ ಹೇಳಿದಳು:

"ನಾನು ಹಿಂಗಂದೆ ಅಂತ ಯಾರ್ಗೂ ಹೇಳ್ಬೇಡ ಕಣೆ. ದೇವ್ರಾಣೆ."

ದೇವರಾಣೆ ಎಂದೆ. ಈ ಮಾತನ್ನು ಓದುವವರು ನೆನಪಿಡಬೇಕು. ನಾನು ಆಣೆ ಇಟ್ಟದ್ದು ಯಾವುದಕ್ಕೆ ಎಂಬುದರಲ್ಲೇ ಎಲ್ಲ ಇದೆ. ಅಕ್ಕ ಹಾಗೆ ಅಂದಳು ಎಂದು ಹೇಳಬಾರದು. ಎಂಟು ವರ್ಷದ ನನ್ನ ತಲೆಗೆ ಹೋದದ್ದು ಅಷ್ಟೇ. ಹೇಳಿದವರ ಹೆಸರು ಗುಟ್ಟು, ಮಾತು ಗುಟ್ಟಲ್ಲ ಎಂದುಕೊಂಡೆ. ಕರ್ಮ.

ಅವರು ಬರುವ ಹಿಂದಿನ ದಿನ ಗುಬ್ಬಿಯಿಂದ ಅತ್ತೆ ಬಂದಳು. ಅಪ್ಪನ ಒಡಹುಟ್ಟಿದ ತಂಗಿ, ಅಪ್ಪನಿಗೆ ಇದ್ದವಳು ಅವಳೊಬ್ಬಳೇ. ಮನೆಯಲ್ಲಿ ಏನೇ ಇರಲಿ, ಕೇಸರಿಬಾತು ತಿರುವಲು ಗುಬ್ಬಿ ಅತ್ತೆಯೇ ಆಗಬೇಕು. ಬಾಯಿ ಜೋರು, ತಮಾಷೆ ಜೋರು. ಕುರ್ಚಿ ನೋಡಿ, "ಇದೇನತ್ತಿಗೆ, ಯಮನ ದರ್ಬಾರು ಮಾಡಿಕ್ಕಿದೀಯ!" ಎಂದು ಹೊಟ್ಟೆ ಹಿಡಿದು ನಕ್ಕಳು. ಅಕ್ಕನ ಮಣಿಕಟ್ಟಿನಲ್ಲಿ ಗೇರೆಣ್ಣೆ ತಾಕಿ ಎದ್ದ ಬೊಬ್ಬೆ ಕಂಡು, ಬೆಣ್ಣೆ ಸವರಿ, ಬೆಳಿಗ್ಗೆ ಅದು ಕಾಣದ ಹಾಗೆ ತನ್ನ ಹಸಿರು ಬಳೆ ತೆಗೆದು ತೊಡಿಸಿದಳು.

ಬಂದವರು ನಾಲ್ಕು ಜನ, ನಾಲ್ಕು ಕುರ್ಚಿ, ಲೆಕ್ಕ ಸರಿಹೋಯಿತು. ಹುಡುಗ, ಅವನ ತಾಯಿ, ಇಬ್ಬರು ಮಾವಂದಿರು. ಕಿವಿ ನಿಜಕ್ಕೂ ಮೊರದ ಹಾಗಿದ್ದವು. ಸುಣ್ಣ ಬಳಿದ ಗೋಡೆಯ ಮುಂದೆ ಆ ಕುರ್ಚಿಗಳು ವಕೀಲರ ಮನೆಯವೇ ಎದ್ದು ಬಂದ ಹಾಗೆ ಕಾಣುತ್ತಿದ್ದವು. ಅವ್ವನ ಮುಖದಲ್ಲಿ ಆ ದಿನ ಕಂಡ ಹೆಮ್ಮೆಯನ್ನು ನಾನು ಮತ್ತೆ ಕಾಣಲಿಲ್ಲ. ಅಕ್ಕ ತಟ್ಟೆಗಳನ್ನು ಹಿಡಿದು ಬಂದಳು. ಒಬ್ಬೊಬ್ಬರಿಗೂ ಬಾಗಿ ಕೊಟ್ಟು, ಕೊನೆಯಲ್ಲಿ ಹುಡುಗನ ಕುರ್ಚಿಯ ಪಕ್ಕದಲ್ಲೇ ನಿಂತಳು. ಅಲ್ಲೇ ಯಾಕೆ ನಿಂತಳು ಎಂದು ಗೊತ್ತಿದ್ದದ್ದು ನನಗೊಬ್ಬಳಿಗೇ. ಹುಡುಗ ಒಮ್ಮೆ ತಲೆ ಎತ್ತಿ ನೋಡಿ ನಕ್ಕ. ಅವಳೂ ನಕ್ಕಳು. ಅದು ಕೂಡಿಬರುವ ಸಂಬಂಧವೇ ಆಗಿತ್ತು, ನನ್ನ ಕಣ್ಣಾರೆ ಕಂಡಿದ್ದೇನೆ.

ಹುಡುಗನ ತಾಯಿ ಕುರ್ಚಿಯ ಕೈ ಸವರುತ್ತಾ ಅವ್ವನನ್ನು ಕೇಳಿದರು:

"ಕುರ್ಚಿ ಚೆನ್ನಾಗವೆ. ಬೀಟೆ ಮರದ್ದಾ?"

"ಹೂಂ" ಎಂದಳು ಅವ್ವ.

ಶಾಲೆಯಲ್ಲಿ ಉತ್ತರ ಗೊತ್ತಿದ್ದರೆ ಕೈ ಎತ್ತುವ ಮೊದಲೇ ಬಾಯಿ ಬಿಡುತ್ತಿದ್ದ ಹುಡುಗಿ ನಾನು. ಬಾಗಿಲ ಹತ್ತಿರ ಅವರ ಎದುರಿಗೇ ಕೂತಿದ್ದೆ.

"ಅಲ್ಲ! ಹಲಸಿಂದು. ಗೇರೆಣ್ಣೆ ಬಳ್ದವ್ರೆ" ಎಂದೆ.

ಆ ಹೆಂಗಸು ನಕ್ಕರು. ಕೆಟ್ಟ ನಗುವೇನಲ್ಲ, ಮಕ್ಕಳ ಮಾತಿಗೆ ಎಲ್ಲರೂ ನಗುವ ಹಾಗೆ. "ಹೌದಾ ಪುಟ್ಟಿ? ಯಾಕೆ ಬಳ್ದಿದ್ದು?" ಎಂದು ಕೇಳಿದರು. ಅತ್ತೆ ಅಡುಗೆಮನೆಯ ಬಾಗಿಲಿಂದ ಕಣ್ಣಲ್ಲೇ ಗದರಿಸಿದಳು. ಆದರೆ ದೊಡ್ಡವರೊಬ್ಬರು ನನ್ನನ್ನೇ ಕೇಳುತ್ತಿದ್ದಾರೆ, ಉತ್ತರ ನನಗೆ ಗೊತ್ತಿದೆ.

"ಕಪ್ಪು ಕುರ್ಚಿ ಮಗ್ಗುಲಲ್ಲಿ ನಿಂತ್ರೆ ನಮ್ಮಕ್ಕ ಬೆಳ್ಳಗೆ ಕಾಣ್ತಾಳೆ ಅಂತ."

ಒಬ್ಬ ಮಾವ ಕೇಸರಿಬಾತು ನೆತ್ತಿಗೆ ಹತ್ತಿ ಕೆಮ್ಮಿದ. ಇನ್ನೊಬ್ಬ ಗಹಗಹಿಸಿ ನಕ್ಕ. ಹುಡುಗ ನೆಲ ನೋಡಿದ. ಅಕ್ಕ ನಿಂತಲ್ಲೇ ನಿಂತಿದ್ದಳು, ಕುರ್ಚಿಯ ಪಕ್ಕದಲ್ಲಿ, ಎಲ್ಲರೂ ಈಗ ಅವಳ ಬಣ್ಣವನ್ನೂ ಕುರ್ಚಿಯ ಬಣ್ಣವನ್ನೂ ಒಟ್ಟಿಗೆ ನೋಡುವ ಹಾಗೆ. ಅತ್ತೆ ಬಂದು ತೋಳು ಹಿಡಿದು ಒಳಗೆ ಕರೆದುಕೊಂಡು ಹೋದಳು. ಊರಿಗೆ ಹೋಗಿ ಕಾಗದ ಬರೀತೀವಿ ಎಂದು ಹೇಳಿ ಅವರು ಎದ್ದರು. ಕಾಗದ ಬರಲಿಲ್ಲ.

ಅವರ ಬೆನ್ನು ತಿರುಗಿದ್ದೇ ತಡ, ಅಪ್ಪ ನನ್ನ ಕಿವಿ ಹಿಡಿದು ಎಬ್ಬಿಸಿದ.

"ಯಾರೇ ನಿಂಗೆ ಆ ಮಾತು ಹೇಳ್ಕೊಟ್ಟಿದ್ದು? ನಿನ್ ತಲೇಲಿ ಹುಟ್ಟಿದ್ದಲ್ಲ ಅದು. ಹೇಳು!"

ಅಡುಗೆಮನೆಯ ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಅವಳ ಮುಖ ನೋಡಿದೆ. ಬೇಡ ಬೇಡ ಎನ್ನುತ್ತಿತ್ತು ಅದು. ದೇವರಾಣೆ ನೆನಪಾಯಿತು. ಅಕ್ಕನ ಹೆಸರು ಹೇಳಬಾರದು. ಇನ್ಯಾರ ಹೆಸರು ಹೇಳಲಿ? ಅವಳ ಹಿಂದೆ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಅತ್ತೆ ನಿಂತಿದ್ದಳು.

"ಅತ್ತೆ" ಎಂದೆ.

ಅತ್ತೆ ಬಾಯಿ ತೆರೆದಳು. "ನಾನೇನೇ ಮುಂಡೇದೇ..." ಎಂದವಳು ಅಕ್ಕನ ಕಡೆ ತಿರುಗಿದಳು. ಅಕ್ಕ ತಲೆ ತಗ್ಗಿಸಿ ತೊಟ್ಟ ಬಳೆಗಳನ್ನು ಮಣಿಕಟ್ಟಿನ ಬೊಬ್ಬೆಯ ಮೇಲೆ ಒತ್ತಿ ಹಿಡಿದಿದ್ದಳು. ಅತ್ತೆಗೆ ಆ ಒಂದು ಗಳಿಗೆಯಲ್ಲಿ ಎಲ್ಲ ಅರ್ಥವಾಯಿತು ಎಂದು ಇವತ್ತು ನನಗೆ ಗೊತ್ತು.

"ಹೂಂ ಕಣಣ್ಣ, ನಾನೇ ಅಂದಿದ್ದು. ತಮಾಸೆಗಂದೆ, ಮಗ ಹಿಡ್ಕೊಂಡ್ಬುಡ್ತು."

"ನನ್ ಮಗಳ ಬಾಳು ನಿಂಗೆ ತಮಾಸೆಯೇನೇ? ಇನ್ಮೇಲೆ ನನ್ ಹೊಸ್ತಿಲು ತುಳೀಬೇಡ, ಹೋಗು!"

ಅತ್ತೆ ಬ್ಯಾಗು ತಗೊಂಡು, ಚೇಳೂರಿನ ಬಸ್ಸಿಗೆ ಎರಡು ಮೈಲಿ ಬಿಸಿಲಲ್ಲಿ ನಡೆದು ಹೋದಳು. ಕೇಸರಿಬಾತು ಬಾಣಲೆಯಲ್ಲೇ ಇತ್ತು, ಯಾರೂ ಮುಟ್ಟಲಿಲ್ಲ. ಸಂಜೆ ಅವ್ವ ಅದನ್ನು ದನದ ಮುಂದೆ ಸುರಿದಳು.

ಮಾರನೆಯ ದಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಅಕ್ಕ ಕೇಳಿದಳು, "ಅತ್ತೆ ಹೆಸ್ರು ಯಾಕೆ ಹೇಳ್ದೆ ಪುಟ್ಟಿ?"

"ನೀನಂದೆ ಅಂತ ಹೇಳ್ಬೇಡ ಅಂದಿದ್ಯಲ್ಲ ಅಕ್ಕ. ನಾನು ಹೇಳ್ಲಿಲ್ಲ" ಎಂದೆ. ಆಣೆ ಉಳಿಸಿಕೊಂಡ ಜಾಣೆ ಎಂದು ಅವಳು ಮೆಚ್ಚುತ್ತಾಳೆ ಎಂದುಕೊಂಡಿದ್ದೆ. ಅವಳು ನನ್ನನ್ನೇ ನೋಡಿದಳು. ಬೈಯಲಿಲ್ಲ, ಹೊಡೆಯಲಿಲ್ಲ. ಒದ್ದೆ ಕೈಯಲ್ಲಿ ನನ್ನ ತಲೆ ಸವರಿ, "ಹೂಂ ಬುಡು, ಹೇಳ್ಲಿಲ್ಲ ನೀನು" ಎಂದು ಬಟ್ಟೆ ಕುಕ್ಕಲು ಹೋದಳು. ಹೊಡೆದಿದ್ದರೆ ನಾನು ಬೇರೆ ಹೆಂಗಸಾಗುತ್ತಿದ್ದೆನೇನೋ. ಅವಳ ಆ ಕಣ್ಣು ನೋಡಿದ ಮೇಲೆ ನನ್ನ ಬಾಯಿಗೆ ನಾನೇ ಹೆದರಿದೆ. ಶಾಲೆಯಲ್ಲಿ ಕೈ ಎತ್ತುವುದು ನಿಂತಿತು. ಮಗು ಯಾಕೋ ಮಂಕಾಯಿತು ಎಂದು ಅವ್ವ ದೇವರಾಯನದುರ್ಗಕ್ಕೆ ಹರಕೆ ಹೊತ್ತಳು.

ಅಕ್ಕ ಮತ್ತೆ ಆ ಕುರ್ಚಿಗಳ ಮೇಲೆ ಕೂರಲಿಲ್ಲ, ಹತ್ತಿರವೂ ನಿಲ್ಲಲಿಲ್ಲ. ಮುಂದಿನ ಸಂಬಂಧ ಬಂದಾಗ ಹಟ ಹಿಡಿದಳು: "ಮನೇಗೆ ಯಾರೂ ಬರೋದು ಬ್ಯಾಡ. ದುರ್ಗದ ಬೆಟ್ಟಕ್ಕೆ ಬರ್ಲಿ. ನೆತ್ತಿ ಬಿಸ್ಲಲ್ಲಿ ನಿಂತ್ಕೋತೀನಿ, ಎಷ್ಟು ಕಪ್ಪು ಅಂತ ಸರ್ಯಾಗಿ ನೋಡ್ಕೊಂಡು ಹೋಗ್ಲಿ." ಹಾಗೆ ಬಿಸಿಲಲ್ಲಿ ನೋಡಿ ಒಪ್ಪಿದವರೇ ನಮ್ಮ ಭಾವ. ಹಿರೇಹಳ್ಳಿಯಲ್ಲಿ ಕಬ್ಬಿಣ ಕಡೆಯುವ ಲೇತು ಇಟ್ಟುಕೊಂಡಿದ್ದರು, ಒಳ್ಳೆಯ ಮನುಷ್ಯ. ಅಕ್ಕ ಕೆಟ್ಟು ಬಾಳಲಿಲ್ಲ. ಆದರೆ ಯಾವ ಮದುವೆಗೆ ಹೋದರೂ ಫೋಟೋ ತೆಗೆಯುವಾಗ ಹಿಂದಿನ ಸಾಲಿಗೆ ಸರಿಯುವಳು. "ನಾನು ನಿಂತ್ರೆ ಫೋಟೋ ತೊಳ್ಯೋನು ಕೆಟ್ಟೋಯ್ತು ಅಂತ ಬಿಸಾಕ್ತಾನೆ" ಎಂದು, ಬೇರೆಯವರು ಆಡುವ ಮೊದಲೇ ತಾನೇ ಆಡಿ ನಗಿಸುವಳು. ಎಲ್ಲರೂ ನಗುತ್ತಿದ್ದರು. ನಾನೊಬ್ಬಳು ಎದ್ದು ಆಚೆ ಹೋಗುತ್ತಿದ್ದೆ.

ಪ್ರತಿ ಗೌರಿಹಬ್ಬಕ್ಕೆ ಅಕ್ಕನ ಮೊದಲ ಬಾಗಿನ ಗುಬ್ಬಿಗೆ ಹೋಗುತ್ತಿತ್ತು. ಯಾಕೆ ಎಂದು ಅವಳೂ ಹೇಳಲಿಲ್ಲ, ಅತ್ತೆಯೂ ಕೇಳಲಿಲ್ಲ. ಅಪ್ಪ ತೀರಿಕೊಂಡಾಗ ಅತ್ತೆ ಬಂದಳು. ಹೊಸ್ತಿಲು ದಾಟಲಿಲ್ಲ. ಒಳಗೆ ಬಾ ಎಂದು ಅವ್ವ ಕೈ ಹಿಡಿದು ಎಳೆದರೂ, "ನಮ್ಮಣ್ಣ ತುಳೀಬೇಡ ಅಂದವ್ನೆ ಅತ್ತಿಗೆ, ಅವ್ನೇ ಎದ್ದು ಬಾ ಅನ್ಲಿ" ಎಂದು ಅಂಗಳದ ಮಣ್ಣಿನಲ್ಲಿ ಕೂತು ಎದೆ ಬಡಿದುಕೊಂಡು ಅತ್ತಳು. ನಾನು ಆಗ ಮೂವತ್ತು ದಾಟಿದ್ದೆ. ಒಂದು ಮಾತು ಹೇಳಿದ್ದರೆ ಸಾಕಿತ್ತು. ಅಪ್ಪ ಬದುಕಿದ್ದಾಗ ಹೇಳಿದ್ದರೆ ಅಣ್ಣ ತಂಗಿ ಒಂದಾಗುತ್ತಿದ್ದರು. ಹೇಳಿದರೆ ಅಕ್ಕನ ಗುಟ್ಟು ಮತ್ತೆ ನಡುಮನೆಗೆ ಬರುತ್ತದಲ್ಲ ಎಂದು ನುಂಗಿಕೊಂಡು ನುಂಗಿಕೊಂಡು, ಅತ್ತೆಯೂ ಹೋದಳು.

ಹೋದ ವರ್ಷ ಅಕ್ಕ ತುಮಕೂರಿನ ಒಂದು ಆಸ್ಪತ್ರೆಯಲ್ಲಿ ಇಪ್ಪತ್ತು ದಿನ ಮಲಗಿದ್ದಳು. ಕಿಡ್ನಿ ಕೈಕೊಟ್ಟಿತ್ತು. ದಿನಾ ಮಧ್ಯಾಹ್ನ ನಾನು ಗಂಜಿ ಮಾಡಿಕೊಂಡು ಹೋಗಿ ಚಮಚದಲ್ಲಿ ಕುಡಿಸುತ್ತಿದ್ದೆ. ಒಂದು ದಿನ ಎರಡು ಚಮಚ ಕುಡಿದವಳು ಸಾಕು ಎಂದು ಕೈ ಅಡ್ಡ ಹಿಡಿದು, ನನ್ನ ಮುಖವನ್ನೇ ನೋಡುತ್ತಾ ಕೇಳಿದಳು:

"ಪುಟ್ಟಿ, ಆ ಕುರ್ಚಿ ಇನ್ನೂ ಅವೇನೇ?"

"ಅಟ್ಟದ ಮೇಲವೆ ಅಕ್ಕ."

"ಆವತ್ತು ನೀನು ಎದುರ್ಗೇ ಕೂತಿದ್ದೆ. ಒಣಗಿದ ಮೇಲೆ ನೋಡಿ ಹೇಳ್ತೀನಿ ಅಂದಿದ್ದೆ, ಹೇಳ್ಲೇ ಇಲ್ಲ." ಸ್ವಲ್ಪ ಉಸಿರೆಳೆದುಕೊಂಡಳು. "ನಿಜ ಹೇಳು. ಒಂಚೂರಾದ್ರೂ ಬೆಳ್ಳಗೆ ಕಾಣ್ತಿದ್ನಾ?"

ಅರವತ್ತೆಂಟು ವರ್ಷದವಳು. ಮೊಮ್ಮಕ್ಕಳನ್ನು ಕಂಡವಳು. ಆ ಮಾತನ್ನು ಐವತ್ತು ವರ್ಷ ಎಲ್ಲಿಟ್ಟುಕೊಂಡಿದ್ದಳು? ನಿಜ ಹೇಳಬೇಕೆಂದರೆ ನಾನು ಆವತ್ತು ಅವಳನ್ನು ನೋಡಿರಲೇ ಇಲ್ಲ, ಯಾರು ನನ್ನನ್ನು ಏನು ಕೇಳುತ್ತಾರೋ ಎಂದು ಕಾಯುತ್ತಿದ್ದೆ. ಹೂಂ ಅಂದರೆ ಸುಳ್ಳು, ಸುಳ್ಳು ಹೇಳಿ ಅತ್ತೆಯನ್ನು ಕಳೆದೆ. ನಿಜ ಹೇಳಿ ಇವಳನ್ನೇ ಕಳೆದವಳು. ಮೂವತ್ತು ವರ್ಷ ಕಂಡಕಂಡವರಿಗೆಲ್ಲ ಹೂಂ ಎಂದ ಬಾಯಿಗೆ ಆಗ ಆ ಒಂದು ಹೂಂ ಬರಲಿಲ್ಲ. ನರ್ಸ್ ಬಂದು ಬಿಪಿ ನೋಡಬೇಕು ಎಂದಳು, ನಾನು ಲೋಟ ತೊಳೆಯಲು ಎದ್ದೆ. ಅಕ್ಕ ಮತ್ತೆ ಕೇಳಲಿಲ್ಲ. ನಾಲ್ಕನೆಯ ದಿನ ಹೋಗಿಬಿಟ್ಟಳು.

ನಯನ ಆ ನಾಲ್ಕು ಕುರ್ಚಿಗಳಿಗೆ ಪಾಲಿಶ್ ಹಾಕಿಸಿದ್ದಾಳೆ. ಬಣ್ಣ ಕೆರೆಸಿ ಹಲಸಿನ ಹೊಂಬಣ್ಣ ತೆಗೆಸೋಣವೇ ಎಂದು ಕೇಳಿದಳು, ಬೇಡ ಎಂದೆ. ಅಕ್ಕನ ಕೈ ಓಡಾಡಿದ್ದು ಆ ಕಪ್ಪಿನ ಮೇಲೆ. ನಿನ್ನೆ ಎಲ್ಲ ಸಾಮಾನು ಜೋಡಿಸಿ ಮುಗಿಯಿತು. ನನ್ನನ್ನು ಒಂದು ಕುರ್ಚಿಯ ಪಕ್ಕದಲ್ಲಿ ನಿಲ್ಲಿಸಿ, ಸೆರಗು ತಾನೇ ಸರಿಮಾಡಿ, ಮೊಬೈಲಿನಲ್ಲಿ ಫೋಟೋ ತೆಗೆದಳು. ತೆಗೆದವಳೇ ನಗುತ್ತಾ ಬಂದು ತೋರಿಸಿದಳು.

"ನೋಡಮ್ಮ, ಕಪ್ಪು ಕುರ್ಚಿ ಪಕ್ಕ ಎಷ್ಟು ಬೆಳ್ಳಗೆ ಬಂದಿದೀಯ!"

ಕನ್ನಡಕ ಹಾಕಿಕೊಂಡು ನೋಡಿದೆ. ನಾನು ಅಕ್ಕನ ಬಣ್ಣದವಳು, ಒಂದೇ ತಾಯಿಯ ಹೊಟ್ಟೆಯ ಒಂದೇ ಕಪ್ಪು. ಫೋಟೋದಲ್ಲಿ ಕುರ್ಚಿಯ ಪಕ್ಕ ನಿಂತಿದ್ದ ಮುದುಕಿ ನಿಜಕ್ಕೂ ಒಂಚೂರು ಬೆಳ್ಳಗೆ ಕಾಣುತ್ತಿದ್ದಳು.

"ಹೂಂ ಕಣಕ್ಕ" ಎಂದೆ. "ಕಾಣ್ತಿದ್ದೆ ನೀನು."

"ಯಾರ್ಗಮ್ಮ ಹೇಳ್ತಿದೀಯ?" ಎಂದಳು ನಯನ.

ನಾನು ಆ ಕುರ್ಚಿಯ ಮೇಲೆ ಕೂತು ಅಳತೊಡಗಿದೆ.